ನೀಲವ್ವನ ಪಾಲು

ವೀಸಾ ಸಾಹೇಬರ ಮುಂದೆ ಏನು ಹೇಳಬೇಕೆಂದು ದುರಗೇಶನಿಗೆ ಪಾಠ ಮಾಡಿದವಳು ಅವನ ತಾಯಿ ಹುಚ್ಚವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮುಂಬಯಿ ಯಾವ ಕಡೆ ಎಂದು ಕೇಳಿದರೆ ಗಜೇಂದ್ರಗಡದ ಕೋಟೆಯ ಗುಡ್ಡದತ್ತ ಕೈ ಮಾಡುವಂಥ ಮುದುಕಿ. ಆದರೂ ಮಗ ಹೊರಡುವ ಹಿಂದಿನ ವಾರವೆಲ್ಲ ಅವನನ್ನು ಎದುರಿಗೆ ಕೂಡಿಸಿಕೊಂಡು, ದನಿ ದಪ್ಪ ಮಾಡಿ, ತಾನೇ ಸಾಹೇಬನಾಗಿ ಕೇಳುತ್ತಿದ್ದಳು: ಲಗ್ನ ಎಲ್ಲಿ ಆಯಿತು, ಯಾರ್ಯಾರು ಬಂದಿದ್ದರು, ಊಟಕ್ಕೆ ಏನು ಮಾಡಿಸಿದ್ದಿರಿ? ಪಾಪ, ಮಗನೂ ನಗದೆ ಉತ್ತರ ಕೊಡುತ್ತಿದ್ದ.

ಅವಳ ತಲೆಗೆ ಈ ಹುಳ ಬಿಟ್ಟವನು ಗುರುಪಾದ. ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ, ಪಾಸ್‌ಪೋರ್ಟು, ಫೋಟೋ ಅಂತ ಊರಿನವರ ಕಾಗದಪತ್ರ ಮಾಡಿಕೊಡುವ ಮನುಷ್ಯ. ವೀಸಾಕ್ಕಾಗಿ ಸುಳ್ಳು ಲಗ್ನ ಮಾಡಿಕೊಳ್ಳುವವರು ಬಹಳ ಇದ್ದಾರೆ, ನಿಮ್ಮದು ಖರೇ ಲಗ್ನ ಎಂದು ಅವರ ಮನಸ್ಸಿಗೆ ಬರಬೇಕು, ಬರದಿದ್ದರೆ ಕೆಲಸ ಕೆಟ್ಟಿತು ಎಂದು ಅವನು ಹೇಳಿದ್ದೇ ತಡ, ಹುಚ್ಚವ್ವನ ಮೈ ಉರಿದುಹೋಯಿತು. ಸುಳ್ಳು ಲಗ್ನವಂತೆ! ತನ್ನ ಮಗನದು, ತನ್ನ ಮೊಮ್ಮಗಳದು! ಅವತ್ತೇ ಅವಳು ಎಲ್ಲ ಪ್ರಶ್ನೆಗಳಿಗೂ ಮೇಲಾದ ಒಂದು ಉತ್ತರ ಸಿದ್ಧ ಮಾಡಿಕೊಟ್ಟಳು.

"ಎದಿ ಮುಟಗೊಂಡು ಹೇಳು. ಒಡಹುಟ್ಟಿದ ಅಕ್ಕನ ಮಗಳ್ರೀ ಅಂತ. ಆಕಿ ಹುಟ್ಟಿದ ದಿನಾನ ನಮ್ಮವ್ವ ನನ್ನ ಬಾಯಾಗ ಸಕ್ಕರಿ ಹಾಕಿ, ನಿನ್ನ ಹೇಂತಿ ಹುಟ್ಯಾಳ ಅಂದಿದ್ಲು ಅಂತ ಹೇಳು. ಅದರ ಮ್ಯಾಲ ಯಾರು ಸುಳ್ಳಂತಾರ ನೋಡೂಣು."

ಅದು ಇದ್ದ ಮಾತೇ. ಹುಚ್ಚವ್ವನ ಹಿರಿಯ ಮಗಳು ನೀಲವ್ವನನ್ನು ನರಗುಂದಕ್ಕೆ ಕೊಟ್ಟಿತ್ತು. ಅವಳಿಗೆ ಮಹೇಶ್ವರಿ ಹುಟ್ಟಿದಾಗ ದುರಗೇಶ ಇನ್ನೂ ಚಡ್ಡಿ ಹಾಕಿಕೊಂಡು ಓಣಿಯಲ್ಲಿ ಗೋಲಿ ಆಡುತ್ತಿದ್ದ. ಬಾಯಿಗೆ ಸಕ್ಕರೆ ಬಿತ್ತೆಂದು ಚಪ್ಪರಿಸಿ ಮತ್ತೆ ಆಡಲು ಓಡಿದ. ಆ ಕೂಸಿಗೆ ಬುದ್ಧಿ ಬರುವ ಮೊದಲೇ ನೀಲವ್ವ ಕಾಮಾಲೆಯಾಗಿ ತೀರಿಕೊಂಡಳು. ಕೊನೆಯ ದಿನ ತಾಯಿಯ ಕೈ ಹಿಡಿದು, ನನ್ನ ಮಗಳನ್ನು ನನ್ನ ತವರು ಬಿಟ್ಟು ಹೊರಗೆ ಕೊಡಬಾರದು ಎಂದು ಮಾತು ತೆಗೆದುಕೊಂಡಿದ್ದಳು. ಅಳಿಯ ಬೇರೆ ಮದುವೆಯಾದ. ಮಹೇಶ್ವರಿ ನರಗುಂದದಲ್ಲಿ ಅಪ್ಪನ ಮನೆ, ಗದಗಿನಲ್ಲಿ ಹಾಸ್ಟೆಲು ಅಂತ ಬೆಳೆದು, ನಾಗರ ಪಂಚಮಿಗೊಮ್ಮೆ ಮಾತ್ರ ಅಜ್ಜಿಯ ಹತ್ತಿರ ಬರುತ್ತಿದ್ದಳು. ನರ್ಸಿಂಗ್ ಕಲಿತು, ಎಲ್ಲೆಲ್ಲೋ ಪರೀಕ್ಷೆ ಬರೆದು, ಅಮೆರಿಕದ ಒಂದು ದವಾಖಾನೆಗೆ ಹೋದಳು. ಮರುವರ್ಷ ರಜೆಗೆ ಬಂದಾಗ ಹುಚ್ಚವ್ವ ಲಗ್ನದ ಮಾತು ತೆಗೆಯಬೇಕೋ ಬಿಡಬೇಕೋ ಎಂದು ಒದ್ದಾಡುತ್ತಿದ್ದಳು. ಇಷ್ಟು ಕಲಿತ ಹುಡುಗಿ ಮಗ್ಗದ ಮುಂದೆ ಕೂಡುವವನನ್ನು ಒಪ್ಪುತ್ತಾಳೆಯೇ? ಹುಡುಗಿಯೇ ಅಕ್ಕಿ ಆರಿಸುತ್ತ, ತಲೆ ಎತ್ತದೆ, ಹೊರಗಿನವರನ್ನು ಯಾಕೆ ನೋಡುತ್ತೀ ಆಯಿ, ಮಾಮಾ ಇದ್ದಾರಲ್ಲ ಎಂದುಬಿಟ್ಟಳು. ಅವತ್ತು ಹುಚ್ಚವ್ವ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳಿಗೆ ಕೊಟ್ಟ ಮಾತು ಉಳಿಯಿತು.

ಗಂಡ ಹೆಂಡತಿ ಕೂಡಿ ಬಾಳಿದ್ದು ಒಂದು ತಿಂಗಳು. ರಜೆ ಮುಗಿದು ಹೋದವಳು ಅಲ್ಲಿಯೇ ಹೆತ್ತಳು. ಮಗಳ ಹೆಸರು ಮೇಘಾ. ಆ ಕೂಸಿಗೆ ಹುಟ್ಟಾ ಕಿವಿ ಕೇಳುತ್ತಿರಲಿಲ್ಲ. ಅಲ್ಲಿನ ಡಾಕ್ಟರರು ತಲೆಯೊಳಗೆ ಮಷಿನ್ ಕೂಡಿಸಿದ್ದಾರೆ. ಈಗೀಗ ಸಪ್ಪಳ ಕೇಳುತ್ತದೆ, ಆದರೆ ಮಾತು ಕಲಿಸಲು ವರ್ಷಗಟ್ಟಲೆ ಬೇಕು, ಅಲ್ಲಿಯತನಕ ಆ ದವಾಖಾನೆ ಬಿಟ್ಟು ಬರುವ ಹಾಗಿಲ್ಲ. ಮಹೇಶ್ವರಿ ಒಬ್ಬಳೇ ಡ್ಯೂಟಿಯನ್ನೂ ಕೂಸನ್ನೂ ನೋಡಿಕೊಂಡು ಸೋತು ಸುಣ್ಣವಾಗಿದ್ದಳು. ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿ, ಕಾದು ಕಾದು, ಅಂತೂ ಮುಂಬಯಿಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ದುರಗೇಶ ತನ್ನ ಮಗ್ಗವನ್ನು ಬಿಚ್ಚಿ ಪಕ್ಕದ ಓಣಿಯ ಹಾಲೇಶನಿಗೆ ಕೊಟ್ಟುಬಿಟ್ಟ. ಪಡಸಾಲೆಯಲ್ಲಿ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿ ಮಾತ್ರ ಉಳಿಯಿತು. ಅದರ ಮೇಲೆ ಹಲಗೆ ಮುಚ್ಚಿದರು. ತನ್ನ ಮಗಳನ್ನು ಅವನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಮುಂಬಯಿಯಲ್ಲಿ ನಡೆದದ್ದನ್ನು ದುರಗೇಶ ಬಂದ ಮೇಲೆ ಹೇಳಿದ. ಗಾಜಿನ ಆಚೆ ಕೂತವಳು ಹೆಣ್ಣುಮಗಳು, ಬಹಳ ನಯವಾಗಿ ಮಾತಾಡಿಸಿದಳಂತೆ. ಇವನ ಅರೆಬರೆ ಹಿಂದಿಯನ್ನೂ ತಾಳ್ಮೆಯಿಂದ ಕೇಳಿದಳು. ಫೋಟೋ ನೋಡಿದಳು, ಕೂಸಿನ ಫೋಟೋ ನೋಡಿ ನಕ್ಕಳು. ಕೂಡಿ ಇದ್ದದ್ದು ಒಂದೇ ತಿಂಗಳಾ ಎಂದಳು. ಆಮೇಲೆ, ಹೆಂಡತಿಯ ಪರಿಚಯ ನಿಮಗೆ ಆದದ್ದು ಹೇಗೆ ಎಂದು ಕೇಳಿದಳು. ದುರಗೇಶನಿಗೆ ಜೀವ ಬಂದ ಹಾಗಾಯಿತು. ತಾಯಿ ಗಟ್ಟಿ ಮಾಡಿಸಿದ ಪ್ರಶ್ನೆ ಅದೇ ಅಲ್ಲವೇ! ಎದೆ ಮುಟ್ಟಿಕೊಂಡ. ಅಕ್ಕನ ಮಗಳು ಎಂದ, ಸಕ್ಕರೆಯ ಮಾತು ಹೇಳಿದ. ಅವಳು ಬರೆಯುವುದನ್ನು ನಿಲ್ಲಿಸಿ, ಸ್ವಂತ ಅಕ್ಕನೇ, ಇಬ್ಬರ ತಾಯಿಯೂ ಒಬ್ಬಳೇ ಎಂದು ಬಿಡಿಸಿ ಕೇಳಿದಳು. ಒಂದೇ ತಾಯಿ, ಒಂದೇ ಹೊಟ್ಟೆ ಎಂದು ಇವನು ಇನ್ನೂ ಹುರುಪಿನಿಂದ ಹೇಳಿದ. ಆಮೇಲೆ ಅವಳು ನಗಲಿಲ್ಲ. ಒಂದು ಕಾಗದ ಕೈಗೆ ಕೊಟ್ಟು, ಸಾರಿ ಎಂದಳು.

ಗುರುಪಾದ ಅದನ್ನು ಓದಿ ತಲೆ ಮೇಲೆ ಕೈ ಹೊತ್ತುಕೊಂಡ. ಮಹೇಶ್ವರಿ ಇರುವ ಆ ಸೀಮೆಯಲ್ಲಿ ಸೋದರಮಾವ ಅಕ್ಕನ ಮಗಳನ್ನು ಮಾಡಿಕೊಂಡರೆ ಕಾಯ್ದೆ ಅದನ್ನು ಲಗ್ನ ಎಂದೇ ಎಣಿಸುವುದಿಲ್ಲವಂತೆ. ಲಗ್ನವೇ ಅಲ್ಲವೆಂದ ಮೇಲೆ ಗಂಡನೆಲ್ಲಿ, ಹೆಂಡತಿಯೆಲ್ಲಿ? ಮೊದಲೇ ಯಾಕೆ ಹೇಳಲಿಲ್ಲ ಎಂದು ಹುಚ್ಚವ್ವ ಅವನ ಮೇಲೆ ಹರಿಹಾಯ್ದಳು. ಅವನೇನು ಹೇಳಿಯಾನು! ಅವನೂ ಮಾಡಿಕೊಂಡಿದ್ದು ಅಕ್ಕನ ಮಗಳನ್ನೇ. ಅವನ ಅಪ್ಪನೂ ಹಾಗೆಯೇ. ಇದೊಂದು ಕೇಳುವ ಮಾತು ಎಂದು ಅವನ ತಲೆಗೇ ಹೊಳೆದಿರಲಿಲ್ಲ.

ಹುಚ್ಚವ್ವ ಎರಡು ದಿನ ಕಂಡಕಂಡವರ ಮುಂದೆ ಕೂಗಾಡಿದಳು. ಈ ಓಣಿಯಲ್ಲಿ ಎಷ್ಟು ಮನೆಗಳಲ್ಲಿ ಸೋದರಮಾವನ ಜೊತೆ ಲಗ್ನ ಆಗಿಲ್ಲ? ಅವರೆಲ್ಲ ಏನು, ಸಂಸಾರ ಮಾಡಿಲ್ಲವೇ? ಮಕ್ಕಳನ್ನು ಹೆತ್ತಿಲ್ಲವೇ? ಹಂದರ ಹಾಕಿ, ಐನೋರನ್ನು ಕರೆಸಿ, ಊರಿಗೆಲ್ಲ ಊಟ ಹಾಕಿದ ಲಗ್ನವನ್ನು ಇಲ್ಲವೆನ್ನಲು ಅವರಾರು? ಬಯ್ಯುವುದೆಲ್ಲ ಮುಗಿದ ಮೇಲೆ ಅವಳಿಗೆ ಸುಮ್ಮನೆ ಕೂಡುವ ಸಮಯ ಬಂತು. ಆಗ ತಿಳಿಯಿತು. ಮಗ ಆ ಮಾತೊಂದನ್ನು ಆಡದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆ ಮಾತನ್ನು ಅವನ ಬಾಯಿಗೆ ಹಾಕಿದವಳು ತಾನು. ಹಲಗೆ ಮುಚ್ಚಿದ ಕುಣಿಯ ಪಕ್ಕದಲ್ಲಿ ದುರಗೇಶ ಮೊಣಕಾಲಿಗೆ ಗದ್ದ ಹಚ್ಚಿ ಕೂತಿರುತ್ತಿದ್ದ. ನಿನ್ನಿಂದ ಹೀಗಾಯಿತು ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಹದಿನೈದು ದಿನದ ಮೇಲೆ ಗುರುಪಾದ ಒಂದು ದಾರಿ ಹುಡುಕಿಕೊಂಡು ಬಂದ. ಹೇಳಲು ಅವನಿಗೂ ಬಾಯಿ ಬರಲೊಲ್ಲದು. ಚಹಾ ಕುಡಿದ, ನಿಮ್ಮ ತವರು ಬೆಳವಣಕಿಯಲ್ಲಿ ಹೆಸರಿನ ಬೆಳೆ ಹೇಗೆ ಬಂದಿದೆಯಂತೆ ಎಂದು ಕೇಳಿದ, ಕೊನೆಗೆ ಹೇಳಿದ. ನೀಲವ್ವ ಹುಚ್ಚವ್ವನ ಹೊಟ್ಟೆಯ ಮಗಳಲ್ಲ ಎಂದು ವಕೀಲರ ಮುಂದೆ ಪ್ರಮಾಣ ಮಾಡಿ ಕಾಗದ ಮಾಡಿಸಬೇಕು. ಹೊಳೆಆಲೂರಿಗೆ ಹೊಳೆ ಬಂದಾಗ ಯಾರೋ ಬಿಟ್ಟುಹೋದ ಕೂಸು, ಹುಚ್ಚವ್ವ ತಂದು ಸಾಕಿದಳು, ಅಕ್ಕ ಎಂದು ಕರೆಯುತ್ತಿದ್ದರು ಅಷ್ಟೇ, ಮಗನಿಗೂ ಇದು ತಿಳಿದಿರಲಿಲ್ಲ ಎಂದು ಅದರಲ್ಲಿ ಬರೆಸಬೇಕು. ಆಗ ರಕ್ತದ ಸಂಬಂಧ ಇಲ್ಲವೆಂದಾಯಿತು. ಮುಂಬಯಿಗೆ ಕಳಿಸಿದರೆ ಆದರೂ ಆಗಬಹುದು ಎಂದ.

ದುರಗೇಶ ಥಟ್ಟನೆ ತಲೆ ಎತ್ತಿ, ಬ್ಯಾಡವ್ವಾ ಎಂದ. ಒಮ್ಮೆ ಮಾತ್ರ ಎಂದ. ಎರಡನೆಯ ಸಲ ಅನ್ನುತ್ತಾನೇನೋ ಎಂದು ಹುಚ್ಚವ್ವ ಅವನ ಮುಖ ನೋಡುತ್ತ ಕಾದಳು. ಅವನು ಕುಣಿಯ ಹಲಗೆ ನೋಡುತ್ತ ಕೂತ. ಸತ್ತವಳು ಸತ್ತಳು, ಅವಳಿಗೆ ಇನ್ನು ಏನಾದರೇನು, ಇದ್ದವರು ಬದುಕಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗುರುಪಾದನಿಗೆ ಹೂಂ ಎಂದಳು.

ಪಂಚಮಿ ಇನ್ನೇನು ಬಂತು ಅನ್ನುವಾಗ ಮೂವರೂ ಬಸ್ಸು ಹತ್ತಿ ರೋಣಕ್ಕೆ ಹೋದರು. ಗುರುಪಾದನ ಗುರ್ತಿನ ವಕೀಲರು ಇದ್ದದ್ದು ಅಲ್ಲಿ. ಮುಜಫ್ಫರ ವಕೀಲರು ವಯಸ್ಸಾದವರು, ಎಲ್ಲವನ್ನೂ ಸಾವಕಾಶ ಮಾಡುವವರು. ಗುರುಪಾದ ಬರೆಸಿ ತಂದಿದ್ದನ್ನು ಒಂದೊಂದೇ ಸಾಲು ಓದಿದರು. ಸದರಿ ನೀಲವ್ವ ಇವಳು ನನ್ನ ಉದರದಲ್ಲಿ ಜನಿಸಿದವಳಲ್ಲ ಎಂಬಲ್ಲಿ ನಿಂತು, ಕನ್ನಡಕ ತೆಗೆದು ಹುಚ್ಚವ್ವನನ್ನು ನೋಡಿದರು.

"ಇದು ದೇವರ ಮುಂದ ಹೇಳಿದಂಗರೀ ಯಮ್ಮಾ. ಖರೇ ಐತೇನು?"

ಹುಚ್ಚವ್ವನಿಗೆ ಆ ಗಳಿಗೆಯಲ್ಲಿ ನೆನಪಾದದ್ದು ನೀಲವ್ವ ಹುಟ್ಟಿದ ದಿನ. ಚೊಚ್ಚಲು. ತವರೂರು ಬೆಳವಣಕಿಯಲ್ಲಿ ಹಗಲೂ ರಾತ್ರಿ ಬೇನೆ ತಿಂದು, ಇನ್ನು ತಾನು ಉಳಿಯುವುದಿಲ್ಲ ಎಂದು ಕೈ ಚೆಲ್ಲಿದಾಗ ಬಂದ ಕೂಸು. ಹೆಣ್ಣೆಂದು ಎಲ್ಲರೂ ಮುಖ ಸಣ್ಣ ಮಾಡಿದರು. ಇವಳೊಬ್ಬಳೇ ಅದನ್ನು ಎದೆಗೆ ಒತ್ತಿಕೊಂಡು ನಕ್ಕಿದ್ದಳು. ಆ ನಗುವನ್ನು ಈಗ ಎಲ್ಲಿಡಬೇಕು?

"ಖರೇ ರೀ," ಅಂದಳು.

ಹೆಬ್ಬಟ್ಟಿಗೆ ಮಸಿ ಹಚ್ಚಿ ಒತ್ತಿಸಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ದುರಗೇಶ ಅವಳ ಪಕ್ಕದಲ್ಲೇ ಕೂತ. ಕಾಗದದ ಚೀಲ ಅವನ ತೊಡೆಯ ಮೇಲಿತ್ತು. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ದೊಡ್ಡವನಾದ ಮೇಲೆ ಹಾಗೆ ಹಿಡಿದಿರಲಿಲ್ಲ. ಹುಚ್ಚವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊಲಗಳಲ್ಲಿ ಹೆಸರು ಚಲೋ ಬಂದಿತ್ತು, ಅವಳಿಗೆ ಒಂದೂ ಕಾಣಲಿಲ್ಲ.

ಮುಂಬಯಿಗೆ ಹಬ್ಬ ಮುಗಿಸಿ ಕಳಿಸೋಣ ಎಂದ ಗುರುಪಾದ. ಮಹೇಶ್ವರಿಗೂ ಹಬ್ಬದ ದಿನವೇ ಹೇಳೋಣ, ಖುಷಿಯಾಗಲಿ ಎಂದು ದುರಗೇಶ ಸುಮ್ಮನಿದ್ದ.

ಪಂಚಮಿಯ ದಿನ ಹಾಲೆರೆಯುವುದೆಂದರೆ ಹುಚ್ಚವ್ವನಿಗೆ ಮನೆಯವರ ಲೆಕ್ಕ ತೆಗೆದ ಹಾಗೆ. ಮಣ್ಣಿನ ನಾಗಪ್ಪನ ಮುಂದೆ ಕೂತು, ಬೆಲ್ಲದ ಹಾಲಿನಲ್ಲಿ ಕೊಬ್ಬರಿ ಬಟ್ಟಲು ಅದ್ದಿ, ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಪಾಲು ಎರೆಯಬೇಕು. ದೇವರ ಪಾಲು, ಗುರುವಿನ ಪಾಲು ಮೊದಲು. ಆಮೇಲೆ ಮನೆಯಲ್ಲಿರುವವರು. ಆಮೇಲೆ ಊರು ಬಿಟ್ಟು ಹೊರಗಿರುವವರು. ಎಲ್ಲರದೂ ಆದ ಮೇಲೆ ಅವಳು ಪ್ರತಿ ವರ್ಷ ನೀಲವ್ವನ ಪಾಲು ಎಂದು ಇನ್ನೊಂದು ಎರೆಯುತ್ತಿದ್ದಳು. ಸತ್ತವರ ಪಾಲನ್ನು ನಾಗಪ್ಪನಿಗೆ ಎರೆಯಬಾರದು ಎಂದು ಓಣಿಯ ಹೆಂಗಸರು ಬುದ್ಧಿ ಹೇಳಿ ಸಾಕಾಗಿದ್ದರು. ಪಂಚಮಿಗೆ ಮಗಳು ತವರಿಗೆ ಬಾರದೆ ಇರುತ್ತಾಳೆಯೇ ಎನ್ನುವುದು ಅವಳ ವಾದ. ಮಹೇಶ್ವರಿ ಸಣ್ಣವಳಿದ್ದಾಗ ಆ ಒಂದು ಪಾಲು ಕೇಳಲಿಕ್ಕೆಂದೇ ಅಜ್ಜಿಯ ತೊಡೆಗೆ ಆತು ಕೂತಿರುತ್ತಿದ್ದಳು. ಅಮೆರಿಕಕ್ಕೆ ಹೋದ ಮೇಲೂ ಬಿಟ್ಟಿರಲಿಲ್ಲ, ಹಾಲೆರೆಯುವ ಹೊತ್ತಿಗೆ ಫೋನಿನಲ್ಲಿ ಬಂದು ಕೂಡುತ್ತಿದ್ದಳು.

ಈ ಸಲವೂ ಬಂದಳು. ದುರಗೇಶ ಫೋನು ಹಿಡಿದು ತಾಯಿಯ ಎದುರಿಗೆ ಕೂತ. ಮಹೇಶ್ವರಿಯ ಮುಖ ಇಳಿದಿತ್ತು, ಕಣ್ಣ ಸುತ್ತ ಕಪ್ಪಾಗಿತ್ತು, ಆದರೂ ಹಬ್ಬವೆಂದು ಇಲಕಲ್ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಮೇಘಾ. ಕಿವಿಯ ಹಿಂದೆ ಮಷಿನ್ನು. ದುರಗೇಶ ಹಬ್ಬದ ಉಂಡಿಯ ಡಬ್ಬಿ ಅಲ್ಲಾಡಿಸಿ ಸಪ್ಪಳ ಮಾಡಿದರೆ ಕೂಸು ತಟ್ಟನೆ ತಿರುಗಿ ನೋಡಿತು. ಅವನಿಗೆ ಅದೊಂದೇ ಆಟ. ಮತ್ತೆ ಮತ್ತೆ ಅಲ್ಲಾಡಿಸಿದ, ಕೂಸು ಮತ್ತೆ ಮತ್ತೆ ತಿರುಗಿತು.

ಹುಚ್ಚವ್ವ ಎರೆಯತೊಡಗಿದಳು. ದೇವರ ಪಾಲು, ಗುರುವಿನ ಪಾಲು. ಮನೆಯವರದು ಬಂದಾಗ ತನ್ನ ಹೆಸರೊಂದನ್ನೇ ಹೇಳಿಕೊಂಡಳು. ಊರು ಬಿಟ್ಟವರದು ಬಂದಾಗ ಮಹೇಶ್ವರಿಯ ಪಾಲು, ಮೇಘಾನ ಪಾಲು ಎಂದು, ದುರಗೇಶನ ಪಾಲನ್ನೂ ಅವರ ಜೊತೆಗೇ ಎರೆದಳು. ಹೋಗುತ್ತಾನಲ್ಲ, ಇವತ್ತೇ ಕೂಡಿಸಿಬಿಡೋಣ ಎಂದು ಮನಸ್ಸಿನಲ್ಲಿ ಮಾಡಿಕೊಂಡಿದ್ದಳು. ಅದನ್ನು ಕೇಳಿ ದುರಗೇಶ ನಕ್ಕ. ಅಲ್ಲಿ ಮಹೇಶ್ವರಿಗೂ ಅರ್ಥವಾಗಿ, ಏನು ಸುದ್ದಿ ಎಂದು ಕಣ್ಣರಳಿಸಿದಳು.

ಹುಚ್ಚವ್ವ ಬಟ್ಟಲನ್ನು ಮತ್ತೊಮ್ಮೆ ಅದ್ದಿದಳು. ಹೆಬ್ಬಟ್ಟಿನ ಮಸಿ ತಿಕ್ಕಿ ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು. ಹೆಸರು ಹೇಳಲು ಬಾಯಿ ತೆರೆದಳು. ವಕೀಲರ ಮುಂದೆ ಇಲ್ಲವೆಂದು ಬಂದವಳನ್ನು ನಾಗಪ್ಪನ ಮುಂದೆ ಯಾವ ಮುಖದಿಂದ ಕರೆಯುವುದು? ಬಟ್ಟಲನ್ನು ಹಾಲಿನ ಗಿಂಡಿಗೇ ಹಾಕಿ, ಆಯಿತು ಎಂದಳು.

"ಆಯಿ, ನಮ್ಮವ್ವನ ಪಾಲು?" ಎಂದಳು ಮಹೇಶ್ವರಿ.

ಅವಳು ಮತ್ತೆ ಕೇಳಿದಳು. ಕೊನೆಗೆ ದುರಗೇಶನೇ ಎಲ್ಲವನ್ನೂ ಹೇಳಿದ, ರೋಣದ್ದು, ವಕೀಲರದು, ಹೊಳೆಆಲೂರಿನ ಹೊಳೆಯದು. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಖುಷಿ ಕಮ್ಮಿಯಾಗುತ್ತ ಹೋಯಿತು. ಮಹೇಶ್ವರಿ ಕೂಸಿನ ತಲೆ ಸವರುತ್ತ ಕೂತಳು.

"ಆ ಕಾಗದಾ ಕಳಸಬ್ಯಾಡ್ರಿ ಮಾಮಾ," ಎಂದಳು. "ಮೇಘಾನ ಆಪರೇಶನ್ ಮುಂಚೆ ಇಲ್ಲಿ ಡಾಕ್ಟರ್ ಕೇಳಿದ್ರು, ಗಂಡಾ ಹೇಂತಿ ರಕ್ತಸಂಬಂಧ ಏನು ಅಂತ. ಹೌದು, ನಮ್ಮ ಸ್ವಾದರಮಾವ ಅಂತ ಖರೇ ಹೇಳೀನಿ. ಬರಕೊಂಡಾರ. ಸುಳ್ಳ ಕಾಗದಾ ಕೊಟ್ರ ಸಿಕ್ಕಬೀಳ್ತೀವಿ."

ಡಾಕ್ಟರು ಯಾಕೆ ಹಾಗೆ ಕೇಳಿದರೆಂದು ಹುಚ್ಚವ್ವ ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಎಂದೋ ಗದಗಿನ ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ರಕ್ತಸಂಬಂಧದ ಲಗ್ನದಿಂದ ಕೂಸಿಗೆ ತೊಂದರೆ ಆಗಬಹುದು ಎಂದಾಗ ಅವಳಿಗೆ ಬಾಯಿಗೆ ಬಂದಂತೆ ಬೈದು ಬಂದಿದ್ದಳು. ಈಗ ಕೂಸಿನ ಕಿವಿಯ ಹಿಂದಿನ ಆ ಮಷಿನ್ನನ್ನೇ ನೋಡುತ್ತ ಕೂತಳು.

"ಬರಕೊಂಡಿರಲಿಲ್ಲಂದ್ರೂ ನನ್ನ ಕೈಲೆ ಆಗೂದಿಲ್ಲ ಆಯಿ," ಎಂದಳು ಮಹೇಶ್ವರಿ. "ನಮ್ಮವ್ವನ ಮಾರಿ ಸೈತ ನನಗ ನೆನಪಿಲ್ಲ. ನಿನ್ನ ಮಗಳು ಅನ್ನೂದೊಂದ ಉಳದೈತಿ. ಅದನ್ನೂ ಹೊಳಿಗೆ ಬಿಟ್ಟರ ನನಗ ಯಾರದಾರ?"

"ಹಂಗಾರ ನಾನು?" ಎಂದ ದುರಗೇಶ.

ಅವಳಿಗೆ ಬಾ ಎನ್ನಲು ದಾರಿಯಿಲ್ಲ, ಬರುತ್ತೇನೆ ಎನ್ನಲು ಕೂಸಿನ ಕಿವಿ ಬಿಡದು. ನನಗೂ ಗೊತ್ತಿಲ್ಲ ಮಾಮಾ ಎಂದು ಅಳತೊಡಗಿದಳು. ತಾಯಿ ಅಳುವುದನ್ನು ಕಂಡು ಕೂಸೂ ಅತ್ತಿತು. ದುರಗೇಶ ಉಂಡಿಯ ಡಬ್ಬಿ ಎತ್ತಿ ಅಲ್ಲಾಡಿಸಿದ. ಅಳುವಿನ ಗದ್ದಲದಲ್ಲಿ ಕೂಸಿಗೆ ಅದು ಕೇಳಲಿಲ್ಲ, ತಿರುಗಲಿಲ್ಲ. ಅವನು ಇನ್ನೂ ಜೋರಾಗಿ ಅಲ್ಲಾಡಿಸಿದ. ಆಮೇಲೆ ಡಬ್ಬಿ ಕೆಳಗಿಟ್ಟ.

ಹುಚ್ಚವ್ವ ಎದ್ದು, ಗೋಡೆಯ ದೇವರ ಮಾಡದಲ್ಲಿಟ್ಟಿದ್ದ ಕಾಗದದ ಚೀಲ ತಂದಳು. ಮಗನ ಮುಖ ನೋಡಿದಳು. ಈ ಸಲ ಅವನು ಬೇಡವೆನ್ನಲಿ ಎಂದು ಕಾಯಲಿಲ್ಲ. ಚೀಲದಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದಳು. ದುರಗೇಶ ತಡೆಯಲಿಲ್ಲ. ನನ್ನ ಮಗನ ಸಂಸಾರಕ್ಕೆ ನಾನೇ ಎರಡು ಸಲ ಅಡ್ಡ ಬಂದೆ, ಒಮ್ಮೆ ಖರೇ ಹೇಳಿಸಿ, ಒಮ್ಮೆ ಸುಳ್ಳು ಸುಟ್ಟು ಎಂದು ಅವಳಿಗೆ ಅನಿಸಿತು. ಎರಡರಲ್ಲಿ ಯಾವುದು ತಪ್ಪು ಎಂದು ಅವಳಿಗೆ ತಿಳಿಯಲೊಲ್ಲದು.

ಮತ್ತೆ ಬಂದು ನಾಗಪ್ಪನ ಮುಂದೆ ಕೂತಳು. ಫೋನಿನಲ್ಲಿ ಮಹೇಶ್ವರಿ ಕಣ್ಣೊರೆಸಿಕೊಂಡು ಹಾಗೆಯೇ ಕಾಯುತ್ತಿದ್ದಳು. ಹುಚ್ಚವ್ವ ಬಟ್ಟಲು ತುಂಬ ಹಾಲೆತ್ತಿ, ನನ್ನ ನೀಲವ್ವನ ಪಾಲು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಎರೆದಳು. ಎರೆದ ಮೇಲೆ ಬಟ್ಟಲು ಕೆಳಗಿಡಲಿಲ್ಲ. ಲೆಕ್ಕದಲ್ಲಿ ಒಂದು ತಪ್ಪಾಗಿತ್ತು, ಅದನ್ನು ಸರಿ ಮಾಡುವುದಿತ್ತು. ಒಮ್ಮೆ ಊರು ಬಿಟ್ಟವರಲ್ಲಿ ಎಣಿಸಿದವನನ್ನು ಹಾಗೆಯೇ ಬಿಟ್ಟರೆ ನಾಗಪ್ಪ ಅವನನ್ನು ಎಲ್ಲಿ ಎಂದು ಕಾಯಬೇಕು?

ಅವಳು ಮತ್ತೊಮ್ಮೆ ಬಟ್ಟಲನ್ನು ಅದ್ದಿದಳು. ಮಗನ ಕಡೆ ನೋಡದೆ, ದನಿ ಎತ್ತದೆ, ಮನೆಯಲ್ಲಿರುವ ದುರಗೇಶನ ಪಾಲು ಎಂದಳು. ಅವನಿಗೆ ಕೇಳಿಸಿತು. ಫೋನನ್ನು ತಾಯಿಯ ಮುಂದೆ ನೆಲದ ಮೇಲಿಟ್ಟು, ಎದ್ದು ಪಡಸಾಲೆಗೆ ಹೋಗಿ, ಮಗ್ಗದ ಕುಣಿಯ ಮೇಲಿನ ಹಲಗೆಗಳನ್ನು ಒಂದೊಂದಾಗಿ ತೆಗೆಯತೊಡಗಿದ.